ಮೈಕಣ್ಣ ಮೈಕು ಹಿಡಿದದ್ದು

ನಮ್ಮ ಬೀದಿಯ ತುದಿಯಲ್ಲಿ ಮೈಕ್‌ಸೆಟ್ ಬಾಡಿಗೆಗೆ ಕೊಡುವ ಅಂಗಡಿಯಿದೆ. ಗೋಡೆಗೆ ಒರಗಿಸಿದ ಸ್ಪೀಕರ್ ಪೆಟ್ಟಿಗೆಗಳು, ಮೊಳೆಗೆ ನೇತುಹಾಕಿದ ವೈರಿನ ಸುರುಳಿಗಳು, ನಡುವೆ ಒಬ್ಬ ಮನುಷ್ಯ ಅಡ್ಡಡ್ಡವಾಗಿ ನುಸುಳುವಷ್ಟು ದಾರಿ. ಹಾಗೆ ನುಸುಳುತ್ತಿದ್ದ ಮನುಷ್ಯನೇ ಮೈಕಣ್ಣ.

ಊರಿಗೆಲ್ಲ ಮೈಕು ಕೊಡುವ ಈತ ತಾನು ಹಾಡುವಾಗ ಮಾತ್ರ ಅದನ್ನು ಹತ್ತಿರ ಸೇರಿಸುತ್ತಿರಲಿಲ್ಲ. "ಮೈಕು ಇರೋದು ಗಂಟಲಿಲ್ಲದವರಿಗೆ" ಎನ್ನುತ್ತಿದ್ದ, ಅದೂ ಮೈಕು ಕೇಳಲು ಬಂದ ಗಿರಾಕಿಯ ಮುಖಕ್ಕೇ. ಗಂಟಲೇನೋ ಇತ್ತು, ಇಲ್ಲ ಅನ್ನುವ ಹಾಗಿಲ್ಲ. ಅವನು ಅಂಗಡಿಯಲ್ಲಿ ದನಿ ಎತ್ತಿದರೆ ಎದುರಿನ ಕ್ಷೌರದಂಗಡಿಯವನು ಕತ್ತರಿ ನಿಲ್ಲಿಸುತ್ತಿದ್ದ. ಹಾಡು ಕೇಳುವುದಕ್ಕೋ, ಬೆಚ್ಚಿಬಿದ್ದ ಗಿರಾಕಿಯ ಕಿವಿ ಉಳಿಸುವುದಕ್ಕೋ, ಅವನು ಬಾಯಿ ಬಿಟ್ಟಿಲ್ಲ.

ಆದರೆ ಮೈಕಣ್ಣನ ಕೆಲಸದಲ್ಲಿ ಒಂದು ಪದ್ಧತಿಯಿತ್ತು. ಬೇರೆಯವರು "ಹಲೋ ಹಲೋ" ಎಂದು ಮೈಕು ಪರೀಕ್ಷೆ ಮಾಡಿದರೆ ಇವನು ಹಳೆಯ ಹಾಡೊಂದರ ಎರಡು ಸಾಲು ಹಾಡುತ್ತಿದ್ದ. "ಇದು ಹಾಡೋದಲ್ಲ, ಅಳತೆ ಹಾಕೋದು." ತನ್ನ ದನಿ ಸಭೆಯ ಕೊನೆಯ ಕುರ್ಚಿಗೆ ಹಿತವಾಗಿ ಮುಟ್ಟುವಷ್ಟು ಗುಂಡಿ ತಿರುಗಿಸಿಟ್ಟರೆ ಮುಗಿಯಿತು, ಆಮೇಲೆ ಯಾರು ಹೇಳಿದರೂ ಮುಟ್ಟುತ್ತಿರಲಿಲ್ಲ.

ಒಬ್ಬಳೇ ಮಗಳಿಗೆ ಹಾಲುಹಲ್ಲು ಬೀಳುವ ವಯಸ್ಸಿನಲ್ಲೇ ಅವನು ಮಾತು ಕೊಟ್ಟಿದ್ದ: "ನಿನ್ನ ಮದುವೇಲಿ ನಾನೇ ಹಾಡ್ತೀನಿ. ಮೈಕಿಲ್ಲದೆ. ಕೊನೇ ಸಾಲಿನವರಿಗೂ ಕೇಳಬೇಕು, ಹಾಗೆ." ಈಗ ಮದುವೆ ಗೊತ್ತಾಗಿತ್ತು, ಹಾಲ್ ಕೂಡ ಗೊತ್ತಾಗಿತ್ತು. ಅಷ್ಟರಲ್ಲಿ ಅಧ್ಯಕ್ಷರ ಸನ್ಮಾನ ಬಂತು.

ಅಧ್ಯಕ್ಷರೆಂದರೆ ನಮ್ಮ ಬಡಾವಣೆಯ ಸಂಘದ ಅಧ್ಯಕ್ಷರು. ತಮಗೆ ತಾವೇ ಏರ್ಪಡಿಸಿಕೊಂಡ ಸನ್ಮಾನವಾದ್ದರಿಂದ ಭಾಷಣ ಉದ್ದವಿರುವುದು ಸಹಜ. ಮೈಕಣ್ಣ ಎಂದಿನಂತೆ ಎರಡು ಸಾಲು ಹಾಡಿ, ಸ್ಪೀಕರಿನಿಂದ ಬಂದದ್ದು ಸಾಲದೆನಿಸಿ ಗುಂಡಿ ತಿರುಗಿಸಿ, ಇನ್ನೂ ಸಾಲದೆನಿಸಿ ಮತ್ತೆ ತಿರುಗಿಸಿ, ಪಕ್ಕಕ್ಕೆ ನಿಂತ. ಅಧ್ಯಕ್ಷರು ಗಂಟಲು ಸರಿಮಾಡಿಕೊಂಡರು. ಆ ಒಂದು ಕೆಮ್ಮಿಗೇ ಮುಂದಿನ ಸಾಲಿನವರು ಕುರ್ಚಿಸಮೇತ ಹಿಂದೆ ಸರಿದರು. "ಮಹನೀಯರೇ" ಎನ್ನುವಷ್ಟರಲ್ಲಿ ಸ್ಪೀಕರು ಕುಂಯ್ ಎಂದು ಸಿಳ್ಳೆ ಹಾಕಿತು. ಮಹಿಳೆಯರ ಸರದಿ ಬರುವ ಮೊದಲೇ ಸಭೆ ಕಿವಿ ಮುಚ್ಚಿಕೊಂಡಿತ್ತು. ಅಧ್ಯಕ್ಷರು ಮಾತ್ರ ಇದರಲ್ಲಿ ಮೈಕಿನ ತಪ್ಪೇನೂ ಕಾಣಲಿಲ್ಲ. "ನನ್ನ ಕಂಠ ಮೊದಲಿಂದಲೂ ಸ್ವಲ್ಪ ಭಾರಿ" ಎಂದು ಸಂಜೆಯೆಲ್ಲ ಹೇಳಿಕೊಂಡು ಓಡಾಡಿದರು.

ಮೈಕಣ್ಣ ಆಂಪ್ಲಿಫೈಯರ್ ಬಿಚ್ಚಿ ಹರಡಿಕೊಂಡು ಕೂತ. ಬೆಸುಗೆ ಹಾಕಿದ, ಧೂಳು ಊದಿದ, ಸಿಕ್ಕಿದ ಬಿಡಿಭಾಗವನ್ನೆಲ್ಲ ಬದಲಿಸಿದ. ಮುಂದಿನ ಸಮಾರಂಭದಲ್ಲೂ ಅದೇ ಸಿಳ್ಳೆ. ಹೊಸ ಆಂಪ್ಲಿಫೈಯರನ್ನೇ ತಂದ. ಅದೂ ಸಿಳ್ಳೆ ಹಾಕಿತು, ಹೊಸದಾದ್ದರಿಂದ ಇನ್ನಷ್ಟು ಹುರುಪಿನಿಂದ.

ಹೆಂಡತಿ ತಡೆಯಲಾರದೆ ಹೇಳಿದಳು. "ರೀ, ಹಳೇದೂ ಕೆಟ್ಟಿಲ್ಲ, ಹೊಸದೂ ಕೆಟ್ಟಿಲ್ಲ. ನಿಮ್ಮ ದನಿ ಇಳಿದಿದೆ, ಅದಕ್ಕೇ ಗುಂಡಿ ಅಷ್ಟು ತಿರುಗಿಸ್ತೀರಿ."

"ನನ್ನ ದನೀನಾ? ನಿನ್ನ ಕಿವಿ ಹೋಗಿದೆ ಕಣೇ! ನಾನು ಇಷ್ಟು ಜೋರಾಗಿ ಮಾತಾಡಿದ್ರೂ ಊಟಕ್ಕೆ ಕೂತಾಗೆಲ್ಲ 'ಏನಂದ್ರಿ, ಏನಂದ್ರಿ' ಅಂತೀಯ."

"ಏನಂದ್ರಿ?"

"ನೋಡಿದ್ಯಾ!"

ಮರುದಿನವೇ ಅವಳನ್ನು ಕಿವಿ ಡಾಕ್ಟರ ಬಳಿಗೆ ಕರೆದುಕೊಂಡು ಹೋದ. ಅವಳನ್ನು ಗಾಜಿನ ಗೂಡಿನಲ್ಲಿ ಕೂರಿಸಿ, ಕಿವಿಗೆ ಯಂತ್ರ ಹಾಕಿ, ಸದ್ದು ಕೇಳಿದಾಗ ಗುಂಡಿ ಒತ್ತಲು ಹೇಳಿದರು. ಅವಳು ಒಂದನ್ನೂ ತಪ್ಪಿಸಲಿಲ್ಲ. ಹೊರಗೆ ಬಂದವಳು, ಆಚೆ ಕೋಣೆಯಲ್ಲಿ ನರ್ಸು ಬಿಸ್ಕತ್ತಿನ ಪೊಟ್ಟಣ ಬಿಚ್ಚುತ್ತಿರುವುದನ್ನೂ ವರದಿ ಮಾಡಿದಳು.

"ಇವರ ಕಿವಿ ನನ್ನದಕ್ಕಿಂತ ಚೆನ್ನಾಗಿದೆ" ಎಂದರು ಡಾಕ್ಟರು.

ಮೈಕಣ್ಣ ಏನೋ ಹೇಳಿದ.

"ಏನಂದ್ರಿ?" ಎಂದರು ಡಾಕ್ಟರು.

ಹೆಂಡತಿ ಗಂಡನ ಕಡೆ ನೋಡಲಿಲ್ಲ, ನೋಡಿದ್ದರೆ ನಕ್ಕುಬಿಡುತ್ತಿದ್ದಳು. ಡಾಕ್ಟರು ಮಾತ್ರ ಅವನ ಬಲಗೈಯನ್ನು ನೋಡುತ್ತಿದ್ದರು. ತೊಡೆಯ ಮೇಲೆ ಸುಮ್ಮನೆ ಇಟ್ಟಿದ್ದ ಕೈಯ ಹೆಬ್ಬೆರಳೂ ತೋರುಬೆರಳೂ ಕಾಣದ ಗುಳಿಗೆಯೊಂದನ್ನು ಉರುಳಿಸುತ್ತಿದ್ದವು. ಅವರು ನರದ ಡಾಕ್ಟರಿಗೆ ಚೀಟಿ ಬರೆದರು. ನರದ ಡಾಕ್ಟರು ನಡೆಸಿ, ಕೂರಿಸಿ, ಬೆರಳು ತಟ್ಟಿಸಿ ನೋಡಿ, ಪಾರ್ಕಿನ್ಸನ್ ಕಾಯಿಲೆ ಎಂದರು.

"ಕೈ ನಡುಗುತ್ತೆ, ನಡಿಗೆ ನಿಧಾನ ಆಗುತ್ತೆ, ದನಿ ಸಣ್ಣಗಾಗುತ್ತೆ. ದನಿ ವಿಷಯದಲ್ಲಿ ಇನ್ನೊಂದು ತಮಾಷೆ ಇದೆ. ಸಣ್ಣಗಾಗಿರೋದು ಮಾತಾಡೋವ್ರಿಗೆ ಗೊತ್ತೇ ಆಗಲ್ಲ. ಜೋರಾಗೇ ಇದೆ ಅನ್ಸುತ್ತೆ."

"ಅಂದ್ರೆ ನನ್ನ ಮೀಟರೇ ಕೆಟ್ಟಿದೆ?"

"ಹಾಗೇ ಅಂದ್ಕೊಳ್ಳಿ."

ಮೀಟರಿನ ಮಾತು ಅವನಿಗೆ ತಟ್ಟಿತು. ಅಂಗಡಿಗೆ ಬಂದವನು ಹಾಡುವುದನ್ನೇ ಬಿಟ್ಟ. ಕ್ಷೌರದವನು ರಸ್ತೆ ದಾಟಿ ಬಂದು, "ಏನಣ್ಣ, ಅಂಗಡಿ ಮಾರಿಬಿಟ್ಯಾ?" ಎಂದು ಕೇಳಿ ಹೋದ. ಮದುವೆಯಲ್ಲಿ ಹಾಡುವ ಮಾತನ್ನು ಮನೆಯಲ್ಲಿ ಯಾರೂ ಎತ್ತಲಿಲ್ಲ.

ಕೊನೆಗೆ ಮಗಳೇ ಅಪ್ಪನನ್ನು ಎಳೆದುಕೊಂಡು, ದನಿಯ ತರಬೇತಿ ಕೊಡುವ ಮೇಡಂ ಹತ್ತಿರ ಹೋದಳು. ಮೇಡಮ್ಮಿಗೆ ಮಗಳದೇ ವಯಸ್ಸು.

"ಉದ್ದಕ್ಕೆ 'ಆ' ಅನ್ನಿ. ಇನ್ನೂ ಜೋರಾಗಿ. ಇನ್ನೂ."

"ಮೇಡಂ, ಇದು ಕಿರುಚಾಟ."

"ನಿಮಗೆ ಕಿರುಚಾಟ ಅನ್ನಿಸಿದಾಗಲೇ ನಮಗೆ ಮಾತು ಕೇಳೋದು. ನಾಚಿಕೆ ಆಗೋವರೆಗೂ ಕೂಗಿ."

"ಹಾಗಾದ್ರೆ ಕಷ್ಟ ಮೇಡಂ, ನಮ್ಮಪ್ಪಂಗೆ ನಾಚಿಕೆ ಆಗಿದ್ದನ್ನ ನಾನು ನೋಡೇ ಇಲ್ಲ" ಎಂದಳು ಮಗಳು.

ಅಂದಿನಿಂದ ಬೆಳಗಾದರೆ ಮೈಕಣ್ಣನ ಮನೆಯಿಂದ 'ಆ' ಬರತೊಡಗಿತು. ಹಾಡು ಅಷ್ಟು ಸುಲಭಕ್ಕೆ ಬಗ್ಗಲಿಲ್ಲ. ಮೇಲಿನ ಸ್ವರಕ್ಕೆ ಏರಿದರೆ ದನಿ ಒಡೆಯುತ್ತಿತ್ತು, ಸಾಲು ಮುಗಿಯುವ ಮೊದಲೇ ಉಸಿರು ಮುಗಿಯುತ್ತಿತ್ತು. ಮೇಡಂ ಹಾಡಿನ ಶ್ರುತಿ ಇಳಿಸಿದಳು, ಉದ್ದದ ಸಾಲುಗಳನ್ನು ತುಂಡು ಮಾಡಿ ಉಸಿರಿಗೆ ಜಾಗ ಮಾಡಿಕೊಟ್ಟಳು, ನರದ ಡಾಕ್ಟರು ಕೊಟ್ಟ ಮಾತ್ರೆ ಚೆನ್ನಾಗಿ ಕೆಲಸ ಮಾಡುವ ಹೊತ್ತು ನೋಡಿಕೊಂಡು ಹಾಡಲು ಹೇಳಿದಳು. ದನಿ ಸುಧಾರಿಸಿತು. ಕ್ಷೌರದವನು ಒಮ್ಮೆ ಕತ್ತರಿ ನಿಲ್ಲಿಸಿದ ಕೂಡ.

ಮದುವೆ ಹತ್ತಿರವಾದಾಗ ಗಂಡ ಹೆಂಡತಿ ಖಾಲಿ ಹಾಲಿಗೆ ಹೋಗಿ ಪರೀಕ್ಷೆ ಮಾಡಿದರು. ಅವನು ವೇದಿಕೆಯ ಮೇಲೆ ನಿಂತು ಹಾಡಿದ. ಅವಳು ಸಾಲು ಸಾಲಾಗಿ ಹಿಂದಕ್ಕೆ ಸರಿಯುತ್ತ ಹೋಗಿ, ಹಾಲಿನ ನಡುಮಧ್ಯದಲ್ಲಿ ಒಂದು ಕುರ್ಚಿಯ ಬೆನ್ನು ಹಿಡಿದು ನಿಂತಳು.

"ಇಲ್ಲೀವರೆಗೆ ಬರುತ್ತೆ. ಇದರ ಹಿಂದಕ್ಕೆ ಬರಲ್ಲ."

"ಒಂದು ಸುಳ್ಳು ಹೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"

"ಯಾಕೆ ಹೇಳ್ಲಿ? ಡಾಕ್ಟ್ರ ಹತ್ರ ಪಾಸಾಗಿ ಬಂದ ಕಿವಿ ಇದು."

ಅವನು ವೇದಿಕೆಯ ಅಂಚಿನಲ್ಲಿ ಕೂತ. "ಹಾಗಾದ್ರೆ ಹಾಡೋದು ಬೇಡ ಬಿಡು."

"ಮೈಕ್ ಹಿಡ್ಕೊಳ್ಳಿ."

"ಮೈಕು ಇರೋದು..."

"ಗಂಟಲಿಲ್ಲದವರಿಗೆ. ಗೊತ್ತು. ಹಂಗಿದ್ರೆ ನಾಳೆಯಿಂದ ಅಂಗಡಿ ಮುಚ್ಚಿಬಿಡಿ. ಇಷ್ಟು ವರ್ಷ ಊರಿನೋರಿಗೆಲ್ಲ ಒಳ್ಳೇ ಸಾಮಾನು ಅಂತ ಕೊಟ್ಟಿದ್ದನ್ನ ನೀವು ಮುಟ್ಟಿದ್ರೆ ಮರ್ಯಾದೆ ಹೋಗುತ್ತಾ? ಅವಳಿಗೆ ಅಪ್ಪ ಹಾಡಬೇಕು. ಕೊನೇ ಸಾಲು ಬೇಕಾಗಿರೋದು ನಿಮಗೆ."

ಮೈಕಣ್ಣ ವೇದಿಕೆಯ ಅಂಚಿನಿಂದ ಎದ್ದ.

"ಲೆವೆಲ್ ಯಾರು ಇಡ್ತಾರೆ? ನನ್ನ ಮೀಟರು ಕೆಟ್ಟಿದೆಯಲ್ಲ."

"ನಾನು."

"ಬರುತ್ತಾ ನಿನಗೆ?"

"ನಿಮ್ಮನ್ನೇ ಸಂಭಾಳಿಸಿದೀನಿ, ಒಂದು ಗುಂಡಿ ಯಾವ ಲೆಕ್ಕ!"

ಮದುವೆಯ ದಿನ ಅಧ್ಯಕ್ಷರು ಶುಭಾಶಯದ ಎರಡು ಮಾತಾಡಲು ಎದ್ದು, ಎರಡರ ಮೇಲೆ ಎಷ್ಟೋ ಮಾತಾಡಿ, ಸಿಳ್ಳೆಯಿಲ್ಲದ್ದಕ್ಕೆ ಕೊಂಚ ನಿರಾಶರಾಗಿ ಕೂತರು. ಆಮೇಲೆ ಮೈಕಣ್ಣ ಬಂದ. ನಡುಕ ಕಾಣದಂತೆ ಎರಡೂ ಕೈಯಲ್ಲಿ ಮೈಕು ಹಿಡಿದ. ಹೆಂಡತಿ ರೇಷ್ಮೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಆಂಪ್ಲಿಫೈಯರಿನ ಪಕ್ಕ ಕೂತು, ಗುಂಡಿಯ ಮೇಲೆ ಬೆರಳಿಟ್ಟಳು. ಮಗಳು ಚಿಕ್ಕವಳಿದ್ದಾಗ ತಾನೇ ಕಟ್ಟಿದ ಹಾಡನ್ನು ಅವನು ಶುರುಮಾಡಿದ. ಕತ್ತಿನ ನರ ಉಬ್ಬಿತು, ಮುಖ ಕೆಂಪಾಯಿತು; ಕಳ್ಳನನ್ನು ಅಟ್ಟಿಸಿಕೊಂಡು ಹೋಗುವವನಂತೆ ಕೂಗುತ್ತಿದ್ದೇನೆ ಎಂದೇ ಅವನ ಲೆಕ್ಕ. ಹಾಲಿಗೆ ಕೇಳಿದ್ದು ಮೆಲ್ಲಗಿನ, ಅಂಚಿನಲ್ಲಿ ಕೊಂಚ ತರಿತರಿಯಾದ ದನಿ, ನಡುನಡುವೆ ಉಸಿರು ತೆಗೆದುಕೊಳ್ಳುತ್ತ, ಪ್ರತಿಯೊಬ್ಬರ ಪಕ್ಕದ ಕುರ್ಚಿಯಲ್ಲೇ ಕೂತು ಹಾಡುತ್ತಿರುವಂತೆ. ಮಗಳು ತಲೆ ತಗ್ಗಿಸಿ ಒಂದೊಂದು ಸಾಲಿಗೂ ತುಟಿ ಆಡಿಸುತ್ತಿದ್ದಳು. ಕೊನೆಯ ಸಾಲಿನ ಕುರ್ಚಿಗಳಲ್ಲೂ ಯಾರೂ ಕೆಮ್ಮಲಿಲ್ಲ.

ಹಾಡು ಮುಗಿದದ್ದೇ ಅವನು ಬೆವರು ಒರೆಸಿಕೊಂಡು ನೇರ ಬೀಗರ ಬಳಿಗೆ ಹೋದ.

"ತಪ್ಪು ತಿಳ್ಕೋಬೇಡಿ. ಮದುವೆ ಮನೇಲಿ ನಾನು ಹಾಗೆ ಕೂಗಬಾರದಿತ್ತು."

ಬೀಗಿತಿ ಕಣ್ಣೊರೆಸಿಕೊಳ್ಳುತ್ತಿದ್ದವರು ಬೆರಗಾಗಿ ತಲೆ ಎತ್ತಿದರು. "ಕೂಗಿದ್ರಾ? ಯಾವಾಗ?"

ಮೈಕಣ್ಣ ಹೆಂಡತಿಯ ಕಡೆ ತಿರುಗಿದ. "ಎಷ್ಟು ಒಳ್ಳೇ ಜನ ನೋಡೇ. ನನ್ನ ಮನಸ್ಸು ನೋಯಬಾರದು ಅಂತ ಹೇಗೆ ಮುಚ್ಚಿಡ್ತಾರೆ!"