ಮಾರಿ ಬರದ ಫೋಟೋ

ನನಗೆ ಒಂದು ಕಡೆ ನಿಲ್ಲುವುದು ಆಗುವುದಿಲ್ಲ. "ಈಕಿ ಕಾಲಾಗ ಚಕ್ರ ಅವ" ಎಂದು ಮನೆಯಲ್ಲಿ ಬೈಯುತ್ತಿದ್ದರು. ಕಲಬುರ್ಗಿಯಲ್ಲಿ ಶಾಲೆಯ ಟೀಚರಾದ ಮೇಲೂ ಕುರ್ಚಿಯಲ್ಲಿ ಕೂತು ಪಾಠ ಮಾಡಿದ್ದು ನೆನಪಿಲ್ಲ. ಅಂಥವಳು ಎಂಬತ್ತರ ದಶಕದ ಕೊನೆಯಲ್ಲಿ ಯಾರೋ ಬಳಸಿ ಬಿಟ್ಟ ಕ್ಯಾಮೆರಾ ಕೊಂಡೆ. ಮಂಗನ ಕೈಗೆ ಮಾಣಿಕ್ಯ ಸಿಕ್ಕಿತು ಎಂದು ಅಪ್ಪ ನಕ್ಕರು.

ಮೊದಮೊದಲು ಫೋಟೋ ಅಲ್ಲಾಡಿದ್ದು ನನ್ನ ಅವಸರದಿಂದ. ಅಪ್ಪನ ಊರು ಕಮಲಾಪುರಕ್ಕೆ ಹೋಗುವ ಬಸ್ಸಿನ ಕಿಟಕಿಯಿಂದ ಹೂ ಬಿಟ್ಟ ತೊಗರಿ ಹೊಲ ತೆಗೆದರೆ ಹಳದಿ, ಹಸಿರು ಪಟ್ಟಿಗಳು ಬಂದವು, ಹೊಲ ಬರಲಿಲ್ಲ. ಹರಿದು ಹಾಕಲು ಕೈಗೆತ್ತಿಕೊಂಡವಳು ಮತ್ತೆ ಮತ್ತೆ ನೋಡಿದೆ. ಓಡುವ ಬಸ್ಸಿನಿಂದ ನನಗೆ ಕಂಡದ್ದೇ ಅದಲ್ಲವೇ? ಅಲ್ಲಿಂದ ಬೇಕಂತಲೇ ಅಲ್ಲಾಡಿಸತೊಡಗಿದೆ. ಶಟರ್ ನಿಧಾನ ಮುಚ್ಚುವಂತೆ ಇಟ್ಟು, ಅದು ತೆರೆದಿರುವಷ್ಟು ಹೊತ್ತು ಕ್ಯಾಮೆರಾವನ್ನು ಮೇಲಕ್ಕೆ ಎಳೆಯುತ್ತಿದ್ದೆ, ಅಡ್ಡಕ್ಕೆ ಬೀಸುತ್ತಿದ್ದೆ, ಒಮ್ಮೊಮ್ಮೆ ಗಿರಗಿರ ತಿರುಗಿಸುತ್ತಿದ್ದೆ. ಸಂಜೆ ಪೇಟೆಯ ಜಗತ್ ಚೌಕದಲ್ಲಿ ಆಟೋ, ಸೈಕಲ್ಲು, ಅಂಗಡಿ ದೀಪಗಳತ್ತ ಹೀಗೆ ಕೈ ಬೀಸುವುದನ್ನು ಕಂಡ ಹಣ್ಣಿನ ಗಾಡಿಯವನು, "ಮೇಡಮ್, ನೊಣ ಹೊಡ್ಯಾಕತ್ತೀರೇನ್ರೀ?" ಎಂದು ಕೇಳಿದ್ದ.

ರೋಲು ತೊಳೆಯುವ ಅಂಗಡಿ ಅಲ್ಲೇ ಹತ್ತಿರವಿತ್ತು. ಅದರ ಮಾಲೀಕ, ಮಾತಿನ ನಡುವೆ ಉರ್ದು ಬೆರೆಸುವ ಹಿರಿಯ, ನನ್ನ ಮೇಲೆ ಬಹಳ ಕನಿಕರ ಇಟ್ಟಿದ್ದ. ಆ ಕನಿಕರದಿಂದಲೇ ಅಲ್ಲಾಡಿದ್ದನ್ನು ಪ್ರಿಂಟು ಹಾಕುತ್ತಿರಲಿಲ್ಲ. "ಸಬ್ ಹಿಲ್ ಗಯಾ ಬೇಟಿ," ಎಂದು ನೆಗೆಟಿವ್ ಮಾತ್ರ ಕೈಗಿಡುತ್ತಿದ್ದ.

"ನಾನೇ ಬೇಕಂತ ಅಲ್ಲಾಡಿಸೀನಿ, ಚಾಚಾ."

"ಬೇಕಂತ ಯಾರರ ಕೆಡಸ್ತಾರೇನವಾ? ಇಂಥಾವು ಪ್ರಿಂಟ್ ಹಾಕಿ ಕೊಟ್ರ ಮಂದಿ ನನ್ನ ದುಕಾನಿಗಿ ಬರೂದು ಬಿಡ್ತಾರ."

ಕೆಟ್ಟವರ ಜೊತೆ ಜಗಳ ಸುಲಭ, ಒಳ್ಳೆಯವರ ಜೊತೆ ಕಷ್ಟ. ಆದರೂ ಪ್ರತಿಸಲ ಜಗಳವಾಡಿಯೇ ಹಾಕಿಸಿಕೊಳ್ಳುತ್ತಿದ್ದೆ.

ಈ ಹುಚ್ಚಾಟದ ನಡುವೆ ನನಗೆ ನಿಜವಾಗಿ ಬೇಕಿದ್ದ ಫೋಟೋ ಒಂದೇ, ಅತ್ಯಾಳದು. ಅತ್ಯಾ ಎಂದರೆ ಅಪ್ಪನ ಅಕ್ಕ. ಆಟವಾಡುವ ವಯಸ್ಸಿನಲ್ಲೇ ಅವಳಿಗೆ ಮದುವೆ ಮಾಡಿದ್ದರು, ಹರೆಯ ಬರುವಷ್ಟರಲ್ಲಿ ಗಂಡ ಹೋಗಿಬಿಟ್ಟಿದ್ದ. ತಲೆ ಬೋಳಿಸಿ, ಆಲವಣ ಎನ್ನುವ ದಟ್ಟ ಕೆಂಪು ಸೀರೆ ಉಡಿಸಿ ತವರಿಗೆ ತಂದುಬಿಟ್ಟರು. ಅಂದಿನಿಂದ ಕಮಲಾಪುರದ ಮನೆಯೇ ಅವಳ ಲೋಕ. ಈಗ ಅಲ್ಲಿ ಚಿಕ್ಕಪ್ಪ ಚಿಕ್ಕಮ್ಮನ ಸಂಸಾರ. ನನ್ನನ್ನು ಎತ್ತಿ ಆಡಿಸಿದವಳು ಅವಳು. ಎಪ್ಪತ್ತು ದಾಟಿದ್ದರೂ ಅವಳದೊಂದು ಫೋಟೋ ಇರಲಿಲ್ಲ. ನಾಳೆ ಅವಳು ಹೋದರೆ ಆ ಮುಖವನ್ನು ಎಲ್ಲಿಂದ ತರುವುದು ಎಂದು ನನಗೆ ತಳಮಳ.

ಮನೆಯಿಂದ ಯಾರು ಹೊರಟರೂ ಅತ್ಯಾ ಅಡುಗೆಮನೆಯ ಬಾಗಿಲ ಹಿಂದೆ ಸರಿದು ನಿಲ್ಲುತ್ತಿದ್ದಳು. ಹೊರಡುವವರಿಗೆ ಅವಳ ಮುಖ ಕಂಡರೆ ಹೋದ ಕೆಲಸ ಕೆಡುತ್ತದೆ ಎಂಬ ನಂಬಿಕೆ, ಎಲ್ಲರಿಗಿಂತ ಹೆಚ್ಚು ಅವಳಿಗೇ. ಚಿಕ್ಕಪ್ಪ ಒಮ್ಮೆ ಸೈಕಲ್ಲಿನಿಂದ ಬಿದ್ದು ಕೈ ಮುರಿದುಕೊಂಡಿದ್ದ. ಆ ಬೆಳಿಗ್ಗೆ ಅವಳು ಅಕಸ್ಮಾತ್ ಎದುರು ಬಂದಿದ್ದಳಂತೆ. ಸೈಕಲ್ಲಿನ ಬ್ರೇಕು ಹಿಡಿಯುತ್ತಿರಲಿಲ್ಲ ಎನ್ನುವುದನ್ನು ಮಾತ್ರ ಯಾರೂ ಎತ್ತಲಿಲ್ಲ. ಅದನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಫೋಟೋ ಎಂದರೆ ಸಾಕು, ಅವಳು ಕೈ ಅಡ್ಡ ಹಿಡಿಯುತ್ತಿದ್ದಳು. "ನಾ ಸತ್ತ ಮ್ಯಾಲ ಗ್ವಾಡಿಗಿ ತೂಗಹಾಕ್ತೀರಿ. ಹೊರಗ ಹೋಗವ್ರೆಲ್ಲ ನೋಡಕೋತ ಹೋಗಬೇಕು. ಯಾಕ ಬೇಕವಾ ಆ ಪಾಪ?"

ಎಷ್ಟು ಗೋಗರೆದರೂ ಅದೇ ಮಾತು. ಒಂದು ದಿನ ನನಗೆ ತಟ್ಟನೆ ಹೊಳೆಯಿತು, ಮುಖವೇ ಮೂಡದಂತೆ ತೆಗೆದರಾಯಿತು.

"ಅತ್ಯಾ, ಮಾರಿ ಬರಲಾರದಂಗ ತಗೀತೀನಿ. ಬರೇ ಬಣ್ಣ ಬರ್ತದ."

"ಮಾರಿ ಇಲ್ಲದ್ದು ಎಂಥಾ ಫೋಟೋ? ನಿನ್ನ ತಲಿ ಕೆಟ್ಟದ," ಎಂದಳು. ಆದರೆ ನಕ್ಕಳು. ನಕ್ಕಳೆಂದರೆ ಅರ್ಧ ಒಪ್ಪಿದಂತೆಯೇ.

ಹಿತ್ತಲಿನಾಚೆ ಬಾಳೆತೋಟ. ಕಮಲಾಪುರದ ಕೆಂಪು ಬಾಳೆ, ಕಾಂಡದಲ್ಲೂ ಕೆಂಪು, ಗೊನೆಯಲ್ಲೂ ಕೆಂಪು. ಸಂಜೆಯ ಬಿಸಿಲು ಇಳಿಯುವುದನ್ನು ಕಾದು, ಗಿಡಗಳ ನಡುವೆ ಅವಳನ್ನು ನಿಲ್ಲಿಸಿದೆ. ಸೆರಗನ್ನು ಹುಬ್ಬಿನವರೆಗೆ ಎಳೆದುಕೊಂಡು ನಿಂತಳು. ನಾನು ಬುಡದಿಂದ ಸುಳಿಯವರೆಗೆ ಒಂದೇ ಏಟಿಗೆ ಕ್ಯಾಮೆರಾ ಎಳೆದೆ. ಮತ್ತೆ ಎಳೆದೆ. ಕಾಲು ನಿಲ್ಲುತ್ತಿರಲಿಲ್ಲ, ಆ ಗಿಡದಿಂದ ಈ ಗಿಡಕ್ಕೆ ಹಾರಾಡಿದೆ. "ಸಾಕೇನವಾ? ನೋಡಿದ್ರ ತಲಿ ತಿರಗತದ," ಎಂದು ಅವಳು ಗೊಣಗುತ್ತಿದ್ದಳು.

ಅಂಗಡಿಯ ಚಾಚಾ ಈ ಸಲ ಸೋತು, ಜಗಳವಿಲ್ಲದೆ ಪ್ರಿಂಟು ಹಾಕಿಕೊಟ್ಟ. "ಎಲ್ಲಿ ಬೆಂಕಿ ಹತ್ತಿತ್ತವಾ?" ಎಂದಷ್ಟೇ ಕೇಳಿದ. ನಾನು ಅಂಗಡಿಯ ಮೆಟ್ಟಿಲ ಮೇಲೆಯೇ ಲಕೋಟೆ ಬಿಚ್ಚಿದೆ. ಸೀರೆಯ ಕೆಂಪು ಕಾಂಡದ ಕೆಂಪಿನೊಳಗೆ ಹರಿದು, ಮೇಲೆ ಹಸಿರಿನಲ್ಲಿ ಕರಗಿತ್ತು. ನಾನು ತೆಗೆದದ್ದರಲ್ಲೆಲ್ಲ ಅದೇ ಚೆಂದದ್ದು, ಜಂಬದಿಂದಲೇ ಹೇಳುತ್ತೇನೆ. ರವಿವಾರದವರೆಗೆ ಕಾಯಲಾರದೆ ಶನಿವಾರ ಶಾಲೆ ಬಿಟ್ಟ ಕೂಡಲೇ ಕಮಲಾಪುರದ ಬಸ್ಸು ಹತ್ತಿದೆ.

ಅತ್ಯಾ ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಹೊರಳಿಸಿ, ತಲೆಕೆಳಗೆ ಮಾಡಿ ನೋಡಿದಳು.

"ಇದರಾಗ ಬಾಳಿ ಯಾವುದು, ನಾ ಯಾವಕಿ?"

"ಗೊತ್ತಾಗಂಗಿಲ್ಲ. ನಿನಗ ಅದ ಬೇಕಿತ್ತಲ್ಲ?"

"ಹೌದು, ಬೇಕಿತ್ತು." ಸೆರಗಿನ ತುದಿಯಿಂದ ಫೋಟೋದ ಮೇಲಿನ ಧೂಳು ಒರೆಸಿದಳು. "ಛಂದ ಅದವಾ. ಉಳಿದವ್ರು ನನ್ನ ಹ್ಯಾಂಗರ ಅಳಿಸಿ ಹಾಕ್ಯಾರ. ನೀ ಭಾಳ ಛಂದ ಮಾಡಿ ಅಳಿಸಿ ಹಾಕೀದಿ."

ಕುಹಕವಿರಲಿಲ್ಲ ಆ ಮಾತಿನಲ್ಲಿ, ಅದಕ್ಕೇ ನನಗೆ ಹೆಚ್ಚು ನೋವಾಯಿತು. ಅವಳ ಷರತ್ತಿನಂತೆಯೇ ಮಾಡಿದ್ದೆನಲ್ಲ, ಇನ್ನೇನು ಮಾಡಬೇಕಿತ್ತು? ಅಂಗಳದಲ್ಲಿ ಹಿಂದೆ ಮುಂದೆ ತಿರುಗಿದೆ. ಚಿಕ್ಕಮ್ಮ ಚಹಾಕ್ಕೆ ಕರೆದರೂ ಕೂಡಲಿಲ್ಲ. ಸಿಟ್ಟು ಅತ್ಯಾಳ ಮೇಲೋ, ನನ್ನ ಮೇಲೋ, ಆ ಮನೆಯ ಮೇಲೋ, ತಿಳಿಯಲಿಲ್ಲ. ಅವಳು ಮಾತ್ರ ಏನೂ ಆಗದವಳಂತೆ ಅಕ್ಕಿ ಆರಿಸುತ್ತ ಕೂತಿದ್ದಳು.

ಮರುದಿನ ಬೆಳಿಗ್ಗೆಯೇ ಹೊರಟೆ. ಚೀಲ ಹೆಗಲಿಗೇರಿಸಿ ಚಪ್ಪಲಿ ಮೆಟ್ಟಿದೆ. ರೂಢಿಯಂತೆ ಅಡುಗೆಮನೆಯ ಬಾಗಿಲ ಕಡೆ ತಿರುಗಿ, "ಬರ್ತೀನಿ ಅತ್ಯಾ," ಎಂದೆ. ಒಳಗಿನಿಂದ "ಹ್ಞೂಂ" ಬರಬೇಕಿತ್ತು, ಬರಲಿಲ್ಲ. ಮುಖ ತಿರುಗಿಸಿದರೆ ತಲಬಾಗಿಲಲ್ಲಿ, ನೇರ ನನ್ನೆದುರು, ಅವಳು ನಿಂತಿದ್ದಳು.

ಚಿಕ್ಕಮ್ಮ ಕೈಯಲ್ಲಿನ ಕೆಲಸ ಬಿಟ್ಟು ಓಡಿ ಬಂದಳು. "ಅಕ್ಕಾ, ಸರೀರಿ! ಹುಡುಗಿ ಹೊರಗ ಹೊಂಟಾಳ!"

"ಗೊತ್ತದ. ಅದಕ್ಕ ಬಂದೀನಿ," ಎಂದಳು ಅತ್ಯಾ.

ಎರಡೂ ಕೈಯಿಂದ ಸೆರಗನ್ನು ತಲೆಯಿಂದ ಕೆಳಗಿಳಿಸಿದಳು. ಬೋಳು ತಲೆ, ಬಾಡಿದ ಕೆನ್ನೆ, ಗೋಪಿಚಂದನ ಒಣಗಿದ ಹಣೆ. ಬೆಳಗಿನ ಬೆಳಕಿನಲ್ಲಿ ಇಡೀ ಮುಖ ಹೀಗೆ ತೆರೆದದ್ದನ್ನು ನಾನೂ ಅಲ್ಲಿಯವರೆಗೆ ನೋಡಿರಲಿಲ್ಲ.

"ತಗೀ," ಎಂದಳು. "ಈ ಸಲ ಅಲ್ಲಾಡಸಬ್ಯಾಡ."

ಕ್ಯಾಮೆರಾ ಹೊರತೆಗೆದೆ. ಅಲ್ಲಾಡದಂತೆ ಮೊಣಕೈಯನ್ನು ಪಡಸಾಲೆಯ ಕಂಬಕ್ಕೆ ಒತ್ತಿ ಹಿಡಿದೆ. ಅತ್ಯಾ ರೆಪ್ಪೆ ಬಡಿಯಲಿಲ್ಲ.