ಸುರುಳಿ ಎಲೆ, ಗಂಗಮ್ಮಾಯಿಯ ಬೆರಳು

"ಆ ಪಂಪು ಕೆಳಗ ಇಡ್ರಿ! ಒಂದ್ ಹನಿ ಬಿದ್ರೂ ನಾ ಸುಮ್ನಿರಂಗಿಲ್ಲ!"

ನನ್ನಕ್ಕ ಗಂಡನಿಗೆ ಹೀಗೆ ಗದರಿದ್ದನ್ನು ಕೇಳಿದ್ದು ಅದೇ ಮೊದಲು. ತಿಕೋಟಾದಲ್ಲಿ ಸುತ್ತೆಲ್ಲ ದ್ರಾಕ್ಷಿ, ನಡುವೆ ಅವಳ ಮೂವತ್ತು ನಿಂಬೆ ಗಿಡ. (ನಮ್ಮ ತವರು ಬಬಲೇಶ್ವರದಿಂದ ತಂದ ಸಸಿಗಳು. ಹಾಗಾಗಿ ದನಿ ಸ್ವಲ್ಪ ಜೋರು.) ಭಾನುವಾರ ಆರಾಮಾಗಿ ಉಂಡು ಬರೋಣ ಅಂತ ನಾನು ವಿಜಯಪುರದಿಂದ ಬಸ್ ಹತ್ತಿ ಹೋದರೆ, ಅಲ್ಲಿ ಜಗಳ!

ಕಾರಣ? ಒಂದು ಪುಟ್ಟ ಪತಂಗ. ಅದರ ಹಸಿರು ಹುಳುಗಳು ಎಳೆ ಎಲೆಯನ್ನು ಬೀಡಿಯಂತೆ ಸುತ್ತಿ, ನೂಲಿನಿಂದ ಬಿಗಿದು, ಒಳಗೇ ಕೂತು ಮೇಯುತ್ತಿದ್ದವು. ಚಿಗುರೆಲ್ಲ ಹಾಳು.

ಮಾಮಾಗೆ, ಅಂದರೆ ಅಕ್ಕನ ಗಂಡನಿಗೆ, ಔಷಧ ಹೊಡೆದು ಮುಗಿಸುವ ಆತುರ.

"ಗಿಡ ಹೂವಿಗೆ ಬಂದಾವ. ಜೇನುಹುಳ ಸತ್ರ ಹ್ಯಾಂಗ್ರಿ? ಕೃಷಿ ಆಫೀಸಿನ ಮೇಡಂ ಏನಂದ್ರು? ಇರೂವೇ ಮೂವತ್ತು ಗಿಡ, ಸುತ್ತಿದ ಎಲಿ ಕೈಲೇ ಕೀಳ್ರಿ ಅಂದಾರ," ಅಂದಳು ಅಕ್ಕ.

"ಮುಳ್ಳಾಗ ಕೈ ಹಾಕವ್ರು ಯಾರು?"

"ನಾ ಬರ್ತೀನಿ."

ಪಡಸಾಲೆಯಿಂದ ಬಂದ ದನಿ. ಮಾಮಾನ ತಾಯಿ ಗಂಗಮ್ಮಾಯಿ. ಕಣ್ಣು ಹೆಚ್ಚುಕಡಿಮೆ ಹೋಗಿವೆ. ಮತ್ತೆ ಬರೋದಿಲ್ಲ ಅಂತ ಡಾಕ್ಟರು ಹೇಳಿ ಎರಡು ವರ್ಷ. ಅಂದಿನಿಂದ ಮಂಚ, ರೇಡಿಯೋ, ಇಷ್ಟೇ.

"ಯವ್ವಾ, ನಿನಗ ಎಲಿ ಹ್ಯಾಂಗ ಕಾಣ್ತಾವ?" ಮಾಮಾ ಕೇಳಿದರು.

"ಕಾಣೂದ್ಯಾಕೋ? ಸುತ್ತಿದ್ದು ಕೈಗೆ ತಿಳಿಯಂಗಿಲ್ಲೇನು?"

ಕೈ ಹಿಡಿದು ಕರೆದೊಯ್ದೆವು. ನಾನು 'ಕ್ಲೀನ್' ಅಂತ ಬಿಟ್ಟು ಮುಂದೆ ಹೋಗಿದ್ದ ಗಿಡದ ಹತ್ತಿರವೇ ಆಯಿ ನಿಂತರು. ಬೆರಳು ಟೊಂಗೆಯ ಮೇಲೆ ನಿಧಾನಕ್ಕೆ ಸರಿದವು. "ಇಲ್ಲೊಂದು. ಹಾಂ, ಇಲ್ಲೊಂದು." ಏಳು ಸಿಕ್ಕವು! (ನನ್ನದು ಹೊಸ ಕನ್ನಡಕ ಬೇರೆ.) ಮುಳ್ಳು ಗೀರಿ ರಕ್ತ ಬಂತು. ಅಕ್ಕ ಗಾಬರಿಯಾದಳು. ಆಯಿ ಸೆರಗಿನಲ್ಲಿ ಒರೆಸಿಕೊಂಡು ಮುಂದಿನ ಗಿಡಕ್ಕೆ ಕೈ ಚಾಚಿದರು.

ಮಧ್ಯಾಹ್ನದ ಹೊತ್ತಿಗೆ ಮಾಮಾ, ಕಿತ್ತ ಎಲೆ ಹಾಕಲು ಸೋಪಿನ ನೀರಿನ ಬಕೆಟ್ ಹಿಡಿದು ತಾಯಿಯ ಹಿಂದೆ ಓಡಾಡುತ್ತಿದ್ದರು.

ಮೊನ್ನೆ ಅಕ್ಕ ಫೋನ್ ಮಾಡಿದಳು. ಹೊಸ ಚಿಗುರು ಅಗಲವಾಗಿ ಬಿಚ್ಚಿಕೊಂಡಿದೆ, ಅಲ್ಲೊಂದು ಇಲ್ಲೊಂದು ಸುರುಳಿ ಬಿಟ್ಟರೆ ಗಿಡ ಚೇತರಿಸಿಕೊಂಡಿವೆಯಂತೆ. ಬೆಳಿಗ್ಗೆ ಚಹಾಕ್ಕಿಂತ ಮೊದಲು ಆಯಿಗೆ ತೋಟ ಬೇಕಂತೆ. ಪಕ್ಕದ ಮನೆಯವರು ಒಣದ್ರಾಕ್ಷಿಯ ಕಡ್ಡಿ ಆರಿಸಲೂ ಕರೆದಿದ್ದಾರಂತೆ. "ಅತ್ತಿಯವ್ರಿಗೆ ಈಗ ನಮ್ಮ ಜೋಡಿ ಮಾತಾಡಾಕ ಪುರಸೊತ್ತಿಲ್ಲ ನೋಡ," ಎಂದು ನಕ್ಕಳು.

ಅಂದಹಾಗೆ, ನಿಮ್ಮ ಮನೆಯ ಹಿರಿಯರಿಗೆ ಈ ವಾರ ನೀವು ಯಾವ ಕೆಲಸ ಕೊಟ್ಟಿರಿ?