ಪಕ್ಕದ ಮನೆಯ ಜಡ್ಜ್ ಸಹಿ

ಮೈಸೂರಿನವನಾದ ನನಗೆ ಅಟೆಸ್ಟೇಶನ್ ಅಂದರೆ ಗೊತ್ತಿರುವುದು ಒಂದೇ ದಾರಿ. ಪರಿಚಯದ ದೊಡ್ಡ ಆಫೀಸರ್ ಯಾರು? ಅವರ ಮನೆಗೆ ಹೋಗು, ಕಾಫಿ ಕುಡಿ, ಸಹಿ ಹಾಕಿಸಿಕೊಂಡು ಬಾ.

ಅಡಿಲೇಡಿಗೆ ಬಂದು ಆರು ವರ್ಷವಾದರೂ ಆ ಚಾಳಿ ಹೋಗಿಲ್ಲ. ಕಳೆದ ಶುಕ್ರವಾರ ನನ್ನ ಮಾರ್ಕ್ಸ್ ಕಾರ್ಡಿನ ಝೆರಾಕ್ಸ್‌ಗೆ ಸಹಿ ಬೇಕಿತ್ತು. "ಹೈಕೋರ್ಟ್ ಜಡ್ಜೇ ಪಕ್ಕದ ಮನೇಲಿದ್ದಾರೆ, ನೀವ್ಯಾಕ್ರೀ ಒದ್ದಾಡ್ತೀರಾ?" ಅಂದಳು ಹೆಂಡತಿ. ಹೌದಲ್ಲ!

ಮಾಡ್ಬರಿ ಬಡಾವಣೆಯ ನಮ್ಮ ಬೀದಿಯಲ್ಲಿ ಪಕ್ಕದ ಮನೆಯವರು ಗ್ರೇಸ್. ಆಫ್ರಿಕಾದವರು (ದೇಶದ ಹೆಸರು ಬರೆಯಬೇಡ ಎಂದಿದ್ದಾರೆ). ವಯಸ್ಸು ಐವತ್ತೆಂಟು. ಅಲ್ಲಿ ಹನ್ನೊಂದು ವರ್ಷ ಹೈಕೋರ್ಟ್ ಜಡ್ಜ್ ಆಗಿದ್ದವರು. ಸರ್ಕಾರ ಬಡವರಿಂದ ಕಿತ್ತುಕೊಂಡ ಜಮೀನನ್ನು ವಾಪಸ್ ಕೊಡಿ ಎಂದು ತೀರ್ಪು ಬರೆದು ಸಹಿ ಹಾಕಿದರು. ಮನೆಗೆ ಬೆದರಿಕೆಯ ಫೋನುಗಳು ಶುರುವಾದವು. ಎರಡು ಸೂಟ್‌ಕೇಸ್ ಹಿಡಿದು ಇಲ್ಲಿದ್ದ ಮಗಳ ಮನೆಗೆ ಬಂದುಬಿಟ್ಟರು. ನನ್ನ ಮಗ ಅವರನ್ನು ಆಂಟಿ ಎನ್ನುತ್ತಾನೆ. ನಾನು ಮೇಡಂ ಅನ್ನಲೋ, ಯುವರ್ ಆನರ್ ಅನ್ನಲೋ ತಿಳಿಯದೆ ಸುಮ್ಮನೆ ಹಲ್ಲು ಕಿರಿಯುತ್ತೇನೆ.

ಕಾಗದ ಮುಂದಿಟ್ಟೆ. ಒಂದೊಂದು ಪುಟವನ್ನೂ ಒರಿಜಿನಲ್ ಜೊತೆ ಹೋಲಿಸಿ ಓದಿದರು. ಆಮೇಲೆ ಪೆನ್ನಿನ ಕ್ಯಾಪ್ ಮುಚ್ಚಿದರು.

"ಇಲ್ಲಿ ನನ್ನ ಸಹಿ ನಡೆಯಲ್ಲಪ್ಪ. ನನ್ನ ಕಾಪಿಗಳಿಗೇ ಬೇರೆಯವರ ಸಹಿ ಬೇಕು. ಲೈಬ್ರರಿವರೆಗೂ ಬಿಡ್ತೀಯಾ?" (ಅವರಂದದ್ದು ಇಂಗ್ಲಿಷಿನಲ್ಲಿ, ನನ್ನ ಕಿವಿಗೆ ಕೇಳಿಸಿದ್ದು ಹೀಗೆ.)

ಇಲ್ಲಿ ವಕೀಲಿ ಮಾಡಬೇಕಾದರೆ ಅವರು ಮತ್ತೆ ಲಾ ಓದಬೇಕಂತೆ! ಆ ಸೀಟಿನ ಅರ್ಜಿಗೆ ಅವತ್ತೇ ಸಂಜೆ ಐದು ಗಂಟೆ ಕೊನೆ. ತಪ್ಪಿದರೆ ಇನ್ನೊಂದು ವರ್ಷ ಮನೆಯಲ್ಲೇ.

ಲೈಬ್ರರಿಯ ಮೂಲೆಯಲ್ಲಿ ಜೆಪಿ ಕೂತಿದ್ದರು. ಜಸ್ಟಿಸ್ ಆಫ್ ದಿ ಪೀಸ್ ಅಂತ ಭಾರೀ ಹೆಸರು, ಆದರೆ ಪುಕ್ಕಟೆ ಸಹಿ ಹಾಕಿಕೊಡುವ ಸ್ವಯಂಸೇವಕರು. ಈ ಅಂಕಲ್ ಮೊದಲು ಸರ್ವೋ (ನಮ್ಮ ಪೆಟ್ರೋಲ್ ಬಂಕ್) ನಡೆಸುತ್ತಿದ್ದರಂತೆ. ಗ್ರೇಸ್ ಜಡ್ಜ್ ಆದ ನೇಮಕಾತಿ ಪತ್ರವನ್ನು ಸಾಲುಸಾಲಿಗೂ ಬೆರಳಿಟ್ಟು ಓದಿದರು. ಬಂಕಿನವರು ಹೈಕೋರ್ಟ್ ಜಡ್ಜ್‌ಗೆ ಸರ್ಟಿಫಿಕೇಟ್ ಕೊಡುವುದೇ?

"ಸೀಲ್ ಸರಿಯಾಗಿ ಕಾಣ್ತಿಲ್ಲ, ಇನ್ನೊಂದು ಕಾಪಿ ತೆಗೀರಿ" ಎಂದರು ಅಂಕಲ್. ನಾನು ಬಾಯಿ ತೆರೆಯುವಷ್ಟರಲ್ಲಿ ಗ್ರೇಸ್ ಝೆರಾಕ್ಸ್ ಮಿಷಿನ್ ಮುಂದೆ ಕ್ಯೂ ನಿಂತಾಗಿತ್ತು. ನಾಲ್ಕೂಮುಕ್ಕಾಲಿಗೆ ಸಹಿ ಬಿತ್ತು. ಅಲ್ಲೇ ಸ್ಕ್ಯಾನ್ ಮಾಡಿ ಕಳಿಸಿದೆವು. ಆ ಗಡಿಬಿಡಿಯಲ್ಲಿ ನನ್ನ ಮಾರ್ಕ್ಸ್ ಕಾರ್ಡ್ ಚೀಲದಲ್ಲೇ ಉಳಿಯಿತು.

"ನಿಮಗೆ ಸಿಟ್ಟು ಬರ್ಲಿಲ್ವಾ?" ಕಾರಿನಲ್ಲಿ ಕೇಳಿದೆ.

"ಯಾಕೆ? ಓದಿ ಸಹಿ ಹಾಕಿದ್ರಲ್ಲ. ಓದದೆ ಹಾಕೋ ಆಫೀಸರ್‌ಗಳಿಗೆ ನಾನು ಕೋರ್ಟಲ್ಲಿ ಚೆನ್ನಾಗಿ ಬೈತಿದ್ದೆ" ಎಂದು ನಕ್ಕರು. ಎರಡು ಸಿಗ್ನಲ್ ದಾಟಿದ ಮೇಲೆ, ಕಿಟಕಿ ಕಡೆ ಮುಖ ಮಾಡಿ, "ಜಡ್ಜ್ ಅಂತ ಸಹಿ ಹಾಕಿ ಮೂರು ವರ್ಷ ಆಯ್ತು" ಎಂದರು.

ಬಂಕಿನ ಅಂಕಲ್ ಮಾಡಿದ್ದು ಸರಿ. ರೂಲ್ಸೂ ಸರಿ. ಗ್ರೇಸ್ ಅಂತೂ ಸರಿಯೇ ಸರಿ. ಎಲ್ಲರೂ ಸರಿಯಿದ್ದರೆ ನನಗ್ಯಾಕೆ ಈ ಸಂಕಟ?

ಯಾವ ಸಹಿ ಹಾಕಿದ್ದಕ್ಕೆ ಆ ಹೆಂಗಸು ದೇಶವನ್ನೇ ಬಿಡಬೇಕಾಯಿತೋ, ಆ ಸಹಿ ನನ್ನ ಮಾರ್ಕ್ಸ್ ಕಾರ್ಡಿಗೆ ಸಾಲಲಿಲ್ಲ ಅಂದರೆ ಹೇಗೆ ಸ್ವಾಮಿ?